ಎಲೆಮೀನಿನ ಉಪವಾಸ

ಹೆರ್ನೆ ಊರಿನ ಡೆಟ್ಲೆಫ್ ಹೋಲ್ಟ್‌ಮಾನ್ ಮಂಡಿಯ ಶಸ್ತ್ರಚಿಕಿತ್ಸೆ ಮುಗಿಸಿ, ಮೂರು ವಾರ ಆರೋಗ್ಯಧಾಮದಲ್ಲಿದ್ದು ಮನೆಗೆ ಬಂದ ದಿನವೇ ಅವರ ಎಲೆಮೀನು ಊಟ ಬಿಟ್ಟಿತು.

ಅಂಗೈಗಿಂತ ಚಿಕ್ಕ ಮೀನು. ಒಣಗಿದ ಎಲೆಯ ಬಣ್ಣ. ತಲೆ ಕೆಳಗೆ ಮಾಡಿ, ನೀರಿಗೆ ಬಿದ್ದ ತರಗೆಲೆಯಂತೆ ತೇಲುತ್ತ ನಿಲ್ಲುತ್ತದೆ. ಹತ್ತಿರ ಸುಳಿದ ಮರಿಮೀನನ್ನು ರೆಪ್ಪೆ ಬಡಿಯುವಷ್ಟರಲ್ಲಿ ನುಂಗಿಬಿಡುತ್ತದೆ. ಜೀವವಿಲ್ಲದ್ದನ್ನು ಮೂಸಿಯೂ ನೋಡದು. ಅದಕ್ಕೆಂದೇ ಹೋಲ್ಟ್‌ಮಾನ್ ಇನ್ನೊಂದು ತೊಟ್ಟಿಯಲ್ಲಿ ಗಪ್ಪಿ ಎಂಬ ಪುಟ್ಟ ಮೀನುಗಳನ್ನು ಸಾಕಿದ್ದರು. ಮೊದಲೆಲ್ಲ ಮಧ್ಯಾಹ್ನ ಮೂರು ಗಪ್ಪಿ ಬಿಟ್ಟು ಪೇಟೆ ಸುತ್ತಿ ಬರುತ್ತಿದ್ದರು. ಈಗ ಮಂಡಿ ಅದಕ್ಕೆ ಒಪ್ಪುತ್ತಿರಲಿಲ್ಲ.

ಮೂವತ್ತೆಂಟು ವರ್ಷ ರೈಲ್ವೆ ಸಿಗ್ನಲ್ ಕ್ಯಾಬಿನ್ನಿನಲ್ಲಿ ದುಡಿದವರು ಅವರು. ಕಣ್ಣು ಅತ್ತಿತ್ತ ಹೋದರೆ ಕೆಟ್ಟೆ ಎನ್ನುವುದೇ ಅವರು ಕಲಿತ ವಿದ್ಯೆ. ತೊಟ್ಟಿಯ ಮುಂದೆ ಸ್ಟೂಲು ಹಾಕಿಕೊಂಡು, ಟಾರ್ಚು ಹಿಡಿದು, ಪುಸ್ತಕದಲ್ಲಿ ಗೀಟೆಳೆದು ಹೊತ್ತುಹೊತ್ತಿಗೆ ಕಂಡದ್ದನ್ನು ಬರೆದರು. ಒಂಬತ್ತು ದಿನ ಬರೆದದ್ದೆಲ್ಲ ಒಂದೇ: ತಿನ್ನಲಿಲ್ಲ. ಉಳಿದ ಗಪ್ಪಿಗಳನ್ನು ಮಲಗುವ ಮೊದಲು ಎತ್ತಿ ಅವುಗಳ ತೊಟ್ಟಿಗೇ ಬಿಡುತ್ತಿದ್ದರು. ಮೀನಿನ ಹೊಟ್ಟೆ ಒಳಕ್ಕೆ ಹೋಗಿತ್ತು. ಇನ್ನೊಂದು ವಾರ ಹೀಗೇ ಆದರೆ ಅದು ಉಳಿಯುವಂತಿರಲಿಲ್ಲ.

ಮೀನು ಸಾಕುವವರ ಸಂಘಕ್ಕೆ ಫೋನು ಮಾಡಿದರು. ಒಬ್ಬರು ನೀರು ಬದಲಿಸಿ ಎಂದರು, ಇನ್ನೊಬ್ಬರು ಬದಲಿಸಿದ್ದೇ ತಪ್ಪು ಎಂದರು. ಇಬ್ಬರ ಮಾತನ್ನೂ ನಡೆಸಿ ಹೋಲ್ಟ್‌ಮಾನ್ ಇನ್ನಷ್ಟು ಗೊಂದಲಕ್ಕೆ ಬಿದ್ದರು.

ಅವರಿಲ್ಲದಾಗ ಮೀನಿಗೆ ಉಣಿಸಿದವರು ಮೇಲಿನ ಮನೆಯ ಗ್ರಾಬೋಶಮ್ಮ. ಹತ್ತನೆಯ ದಿನ ಆಕೆಯನ್ನು ಕೆಳಗೆ ಕರೆದು, ತಾವು ಬರೆದಿಟ್ಟು ಹೋಗಿದ್ದ ನಾಲ್ಕು ಹಾಳೆಯ ಸೂಚನೆಗಳಲ್ಲಿ ಯಾವುದನ್ನು ಹೇಗೆ ಪಾಲಿಸಿದಿರಿ ಎಂದು ಕೇಳಿದರು. ಹಾಳೆಗಳು ಕಾಫಿ ಪಾತ್ರೆಯ ಕೆಳಗಿಡಲು ಚೆನ್ನಾಗಿ ಒದಗಿದವು ಎಂದರು ಆಕೆ.

“ಮೂರು ಗಪ್ಪಿ ಸುರೀತಿದ್ದೆ, ಮೇಲೆ ಹೋಗಿ ಕಾಫಿ ಕುಡೀತಿದ್ದೆ. ಮಾರನೇ ದಿನ ಗಪ್ಪಿ ಇರ್ತಿರ್ಲಿಲ್ಲ.”

“ತಿನ್ನೋದನ್ನ ನೀವು ಕಣ್ಣಾರೆ ನೋಡಿದ್ರಾ?”

“ಅದರ ಮೂತಿ ನೋಡ್ತಾ ಕೂರೋಕೆ ನನಗೇನು ಬೇರೆ ಕೆಲ್ಸ ಇಲ್ವಾ?”

ಹೋಲ್ಟ್‌ಮಾನ್ ಮನೆಗೆ ಬಂದ ದಿನ ಬೆಳಿಗ್ಗೆಯೇ, ಯಜಮಾನ ಬರುತ್ತಾನೆ, ಹಬ್ಬದೂಟ ಆಗಲಿ ಎಂದು ಆರು ಗಪ್ಪಿ ಹಾಕಿದ್ದೆ ಎಂದೂ ಆಕೆ ಹೇಳಿದರು. ಆ ಮಧ್ಯಾಹ್ನ ಅದು ತಿನ್ನದಿದ್ದುದಕ್ಕೆ ಹೊಟ್ಟೆ ತುಂಬಿದ್ದೇ ಕಾರಣವೆಂದು ಹೋಲ್ಟ್‌ಮಾನ್‌ಗೆ ಹೊಳೆಯಿತು. ಸರಿ, ಆಮೇಲಿನ ದಿನಗಳಲ್ಲಿ ಏಕೆ ತಿನ್ನಲಿಲ್ಲ?

ಗ್ರಾಬೋಶಮ್ಮ ಸ್ಟೂಲನ್ನೂ ಟಾರ್ಚನ್ನೂ ನೋಡಿದರು. ತೊಟ್ಟಿಯ ಗಾಜಿನ ಮೇಲಿದ್ದ ಹೋಲ್ಟ್‌ಮಾನ್‌ರ ಮೂಗಿನ ಗುರುತನ್ನೂ ನೋಡಿದರು.

“ಹೋಲ್ಟ್‌ಮಾನ್ರೇ, ನಿಮ್ಮ ತಟ್ಟೆ ಮುಂದೆ ಯಾರಾದ್ರೂ ಹಿಂಗೆ ಟಾರ್ಚ್ ಬಿಟ್ಕೊಂಡು ಕೂತ್ರೆ ನಿಮಗೆ ತುತ್ತು ಇಳಿಯುತ್ತಾ?”

ಉಣ್ಣುವವರನ್ನು ನೋಡಿದರೆ ದೃಷ್ಟಿಯಾಗುತ್ತದೆ ಎಂಬ ಮಾತು ಆ ಊರಿನಲ್ಲಿಲ್ಲ. ಹಾಗಾಗಿ ಹೋಲ್ಟ್‌ಮಾನ್‌ಗೆ ಇದು ಹೊಸ ಮಾತು. ನೋಡದಿದ್ದರೆ ತಿಂದದ್ದು ಗೊತ್ತಾಗುವುದು ಹೇಗೆ? ನೋಡಿದರೆ ಅದು ತಿನ್ನುವುದಿಲ್ಲವಲ್ಲ.

ಮೂರು ಗಪ್ಪಿ ಬಿಟ್ಟು, ದೀಪ ಆರಿಸಿ, ಕೈಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದರು. ಮೇಲೆ ಗ್ರಾಬೋಶಮ್ಮ ಪ್ಲಮ್ ಹಣ್ಣಿನ ಕೇಕ್ ಕೊಟ್ಟರು. ಹೋಲ್ಟ್‌ಮಾನ್ ಮೂರು ಸಲ ಎದ್ದರು; ಮೂರು ಸಲವೂ ಆಕೆ ಇನ್ನಷ್ಟು ಕಾಫಿ ಸುರಿದರು.

ಇಳಿದು ಬಂದು ನೋಡಿದರೆ ಒಂದೇ ಗಪ್ಪಿ. ನೀರು ಸೋಸುವ ಫಿಲ್ಟರಿನ ಹಿಂದೆ, ಗಿಡಗಳ ಬುಡದಲ್ಲಿ ಹುಡುಕಿದರು. ಉಳಿದೆರಡು ಎಲ್ಲೂ ಇಲ್ಲ. ಎಲೆಮೀನು ಏನೂ ಅರಿಯದಂತೆ ತಲೆಕೆಳಗಾಗಿ ತೇಲುತ್ತಿತ್ತು. ಹೊಟ್ಟೆ ಮಾತ್ರ ಸ್ವಲ್ಪ ಉಬ್ಬಿತ್ತು.

ಅವರು ಪುಸ್ತಕ ತೆರೆದರು. ನಾಲ್ಕರಿಂದ ನಾಲ್ಕೂಮುಕ್ಕಾಲು ಎಂದು ಬರೆದು, ‘ಕಂಡದ್ದು’ ಎಂಬ ಕಡೆ ಏನು ಬರೆಯುವುದೋ ತಿಳಿಯದೆ ಬಹಳ ಹೊತ್ತು ಪೆನ್ನು ಹಿಡಿದು ಕೂತರು. ಕಾಣದ್ದನ್ನು ಅವರು ಜನ್ಮದಲ್ಲಿ ಬರೆದವರಲ್ಲ. ಕೊನೆಗೆ, ‘ಕೇಕ್, ಎರಡು ತುಂಡು’ ಎಂದು ಬರೆದರು.