ಸಾವಿನ ಸುದ್ದಿಗೊಂದು ಖಾಲಿ ದಾರಿ

ಬಾನುಲಿಯಲ್ಲಿ ಮಾತನಾಡಿ ಮನೆಮಾತಾದವರು ಫ್ರಾನ್ಸಿಸ್‌ಟೌನ್‌ನ ನಮ್ಮ ನಿಲಯದಲ್ಲಿ ಹಲವರಿದ್ದಾರೆ. ಆ ಮಾತುಗಳೆಲ್ಲ ಹಾದುಬಂದ ತಂತಿಯನ್ನು ಕಾಯುತ್ತ ಎಲೆಮರೆಯ ಕಾಯಿಯಂತೆ ಉಳಿದವರು ಶ್ರೀ ಮೊದಿರಿ ಲೆಕೋಕೊ. ಗಂಡಸರನ್ನು ರ್ರಾ, ಹೆಂಗಸರನ್ನು ಮ್ಮಾ ಎಂದು ಕರೆಯುವುದು ಇಲ್ಲಿಯ ಗೌರವ; ಕಾವಲುಗಾರರಿಂದ ನಿರ್ದೇಶಕರವರೆಗೆ ಎಲ್ಲರಿಗೂ ಅವರು ರ್ರಾ ಲೆಕೋಕೊ. ತಂತ್ರಜ್ಞರಾಗಿ ಸೇರಿದವರು ನಿವೃತ್ತರಾಗುವವರೆಗೂ ಯಂತ್ರದ ಕೋಣೆ ಬಿಟ್ಟು ಕದಲಲಿಲ್ಲ.

ನಿಲಯಕ್ಕಿದ್ದದ್ದು ಒಂದೇ ಡಿಜಿಟಲ್ ದೂರವಾಣಿ ಸಂಪರ್ಕ, ಅದರೊಳಗೆ ಒಮ್ಮೆಗೆ ಒಂದೊಂದೇ ಕರೆ ಸಾಗುವ ಎರಡು ದಾರಿ. ಬಂದ ಕರೆ ಮಾತಿನದಾದರೆ ಮರಣವಾರ್ತೆಯ ಮೇಜಿಗೆ, ದತ್ತಾಂಶದ್ದಾದರೆ ಮೈದಾನದ ವೀಕ್ಷಕ ವಿವರಣೆ ಹಿಡಿಯುವ ಪೆಟ್ಟಿಗೆಗೆ ಹೋಗುವಂತೆ ಯಂತ್ರವನ್ನು ಅಣಿಗೊಳಿಸಿದವರು ಅವರೇ. ಹಳ್ಳಿಯಲ್ಲಿ ಯಾರಾದರೂ ತೀರಿಕೊಂಡರೆ ದೂರದ ದನದ ಹಟ್ಟಿಗಳಲ್ಲಿರುವ ಬಂಧುಗಳಿಗೆ ಬಾನುಲಿಯಿಂದಲೇ ಸುದ್ದಿ. ಆ ಸುದ್ದಿಗೆಂದು ಒಂದು ದಾರಿಯನ್ನು ಸದಾ ಖಾಲಿ ಬಿಡುವುದು ಅವರ ರೂಢಿ.

ಒಮ್ಮೆ ಮಾತ್ರ ತಪ್ಪಿತು. ಎರಡೂ ದಾರಿ ಕೂಡಿಸಿದರೆ ಆಟದ ಧ್ವನಿ ತುಂಬಿ ಬರುತ್ತದೆಂದು ಕಾರ್ಯಕ್ರಮ ಮುಖ್ಯಸ್ಥರು ಕಪ್ ಫೈನಲ್‌ನ ದಿನ ಕೋಣೆಗೇ ಬಂದರು.

"ಎರಡನ್ನೂ ಆಟಕ್ಕೆ ಕೊಟ್ಬಿಡಿ ರ್ರಾ. ಫೈನಲ್ ದಿನ ಯಾರು ಸಾಯೋಕೆ ಹೋಗ್ತಾರೆ?"

ರ್ರಾ ಲೆಕೋಕೊ ನಕ್ಕು ಕೊಟ್ಟರು.

ಆಟ ಮುಗಿದೊಡನೆ ಬಂದ ಮೊದಲ ಕರೆ ತುತುಮೆ ಹಳ್ಳಿಯಿಂದ. ಮರಣವಾರ್ತೆ ಓದುವ ಮ್ಮಾ ತುಮೆಲೊ ಬರೆದುಕೊಂಡರು: ತೀರಿಕೊಂಡವರು ಒನಲೆಥಾತಾ ಲೆಕೋಕೊ, ತಿಳಿಸಬೇಕಾದವರು ಫ್ರಾನ್ಸಿಸ್‌ಟೌನ್‌ನಲ್ಲಿರುವ ತಮ್ಮ ಮೊದಿರಿ. ಅಲ್ಲಿಗೆ ಅವರ ಕೈ ನಿಂತಿತು.

"ಮಧ್ಯಾಹ್ನದಿಂದ ಹಚ್ತಾನೇ ಇದೀನಿ ಮ್ಮಾ, ಬರೀ ಎಂಗೇಜು," ಎಂದು ಕರೆ ಮಾಡಿದ್ದ ನೆರೆಮನೆಯಾಕೆ ಅತ್ತರು. "ತಮ್ಮನ ದನಿ ಒಂದ್ಸಲ ಕೇಳಿಸು ಅಂತಿದ್ಲು."

ರ್ರಾ ಲೆಕೋಕೊ ಅವರನ್ನು ಸಾಕಿ ಬೆಳೆಸಿದ ಅಕ್ಕ ಒನಲೆಥಾತಾ. ತನ್ನವರೆಂದು ಅವರಿಗಿದ್ದವರೂ ಆಕೆಯೊಬ್ಬರೇ. ಮ್ಮಾ ತುಮೆಲೊ ಓದುವ ಮೊದಲು ತಾವೇ ಹೋಗಿ ಹೇಳಿದರು.

"ಓದಿ ಮ್ಮಾ. ಅವಳ ಗೆಳತಿಯರು ಹಟ್ಟಿಗಳಲ್ಲಿದಾರೆ, ಹೊರಡ್ಬೇಕಲ್ಲ," ಎಂದರು ರ್ರಾ ಲೆಕೋಕೊ.

ಆಮೇಲೆ ಎಷ್ಟೋ ಫೈನಲ್‌ಗಳು ಬಂದವು, ಎಷ್ಟೋ ಮುಖ್ಯಸ್ಥರು ಕೂಗಾಡಿದರು. ಎರಡನೆಯ ದಾರಿಯನ್ನು ಅವರು ಯಾರಿಗೂ ಬಿಟ್ಟುಕೊಡಲಿಲ್ಲ. ನಾಣ್ಯ ಮುಗಿದು ಅರ್ಧಕ್ಕೇ ಕಡಿದ ಕರೆಗಳಿಗೆ ತಾವೇ ತಿರುಗಿ ಫೋನು ಹಚ್ಚಿ ಸುದ್ದಿ ಪೂರ್ತಿ ಮಾಡಿಸುತ್ತಿದ್ದರು. ಊರವರ ಕರೆಗಳನ್ನೆಲ್ಲ ಸರಿಯಾದ ಮೇಜಿಗೆ ಮುಟ್ಟಿಸಿದ ಅವರನ್ನು ಕೇಳಿಕೊಂಡು ಮಾತ್ರ ಒಂದು ಕರೆಯೂ ಬರಲಿಲ್ಲ. ಹಬ್ಬದ ದಿನಗಳಲ್ಲೂ ಅವರು ಕೋಣೆಯಲ್ಲೇ ಇರುತ್ತಿದ್ದರು. ಹೋಗಲು ಅವರಿಗೆ ತಮ್ಮವರಿರುವ ಮನೆಯೇ ಇರಲಿಲ್ಲವೆಂದು ತಿಳಿಯದ ನಿಲಯ ಅದಕ್ಕೆ ನಿಷ್ಠೆ ಎಂದು ಹೆಸರಿಟ್ಟು ಪ್ರಶಸ್ತಿಪತ್ರ ಕೊಟ್ಟಿತು.

ಈಗ ಹಳೆಯ ಸಂಪರ್ಕವನ್ನೂ ಕಿತ್ತಿದ್ದಾರೆ, ಅವರೂ ನಿವೃತ್ತರಾಗಿದ್ದಾರೆ. ಬೀಳ್ಕೊಡುಗೆಯ ಮರುದಿನ ಮ್ಮಾ ತುಮೆಲೊ ಅವರ ಬಾಡಿಗೆ ಕೋಣೆಗೆ ಫೋನು ಮಾಡಿದರು.

"ಹೇಳಿ ಮ್ಮಾ, ಯಾರಿಗೆ ಕೊಡ್ಲಿ?"

"ಯಾರಿಗೂ ಕೊಡ್ಬೇಡಿ ರ್ರಾ. ನಿಮ್ಮ ಹತ್ರಾನೇ ಮಾತಾಡ್ಬೇಕಿತ್ತು."

 

"ಚಹಾಕ್ಕೆ ನೀರಿಟ್ಟು ಬರ್ತೀನಿ," ಎಂದರು ರ್ರಾ ಲೆಕೋಕೊ, "ಇಡಬೇಡಿ ಮ್ಮಾ, ಫೋನ್ ಇಡಬೇಡಿ."

ಹಿರಿಯರಾದ ರ್ರಾ ಲೆಕೋಕೊ ಅವರು ಆರೋಗ್ಯದಿಂದ ಬಹುಕಾಲ ಬಾಳಲಿ. ಈ ಅಭಿನಂದನ ಗ್ರಂಥವನ್ನು ಓದಿದವರು ಅವರಿಗೊಂದು ಫೋನು ಮಾಡಲಿ.