ಭಾವನ ಜರ್ಮನ್ ಬಿಯರು

ಟೂರಿನವರ ಜೊತೆ ಯುರೋಪು ಸುತ್ತಿ ಬಂದ ಮೇಲೆ ನಮ್ಮ ಅಕ್ಕನ ಗಂಡನಿಗೆ ಕಡೂರಿನ ಬಾರುಗಳೆಂದರೆ ವಾಕರಿಕೆ. ಒಂದು ಭಾನುವಾರ ಶಿವನಿ ಊರಿನ ತನ್ನ ತೆಂಗಿನ ತೋಟಕ್ಕೆ ನನ್ನನ್ನು ಕರೆಸಿಕೊಂಡು, ಪಂಪ್‌ಹೌಸಿನ ಕಟ್ಟೆಯ ಮೇಲೆ ಕೂರಿಸಿ ಪಾಠ ಶುರುಮಾಡಿದ. ಬೆಲ್ಜಿಯಮ್ಮಿನಲ್ಲಿ ಸನ್ಯಾಸಿಗಳೇ ಬಿಯರು ತಯಾರಿಸುತ್ತಾರಂತೆ. ಐರ್ಲೆಂಡಿನದು ಡಿಕಾಕ್ಷನ್ನಿನ ಹಾಗೆ ಕಪ್ಪಗಿರುತ್ತದಂತೆ. ಕಡೂರು, ತರೀಕೆರೆಯಲ್ಲಿ ಸಿಗುವುದು ದನ ತೊಳೆದ ನೀರಂತೆ. ವರ್ಷಗಟ್ಟಲೆ ಅದನ್ನೇ ಕುಡಿದು ಹೊಟ್ಟೆ ಬೆಳೆಸಿದವನ ಬಾಯಲ್ಲಿ ಈ ಮಾತು!

ಕೊನೆಗೆ ಚೀಲದಿಂದ ಜರ್ಮನಿಯ ಬಾಟಲಿ ತೆಗೆದ. "ಇದ್ರಲ್ಲಿ ನೀರು, ಬಾರ್ಲಿ, ಹಾಪ್ಸ್ ಅನ್ನೋ ಹೂವು, ಯೀಸ್ಟು, ಅಷ್ಟೇ ಕಣೋ. ಬೇರೆ ಏನೂ ಹಾಕಂಗಿಲ್ಲ ಅಂತ ಅಲ್ಲಿ ಕಾನೂನೇ ಐತೆ."

ಹಾಗೆನ್ನುತ್ತಲೇ ಮುಚ್ಚಳ ಕಿತ್ತು, ಬಾಟಲಿಯ ಬಾಯಿಗೆ ಹೆಬ್ಬೆರಳು ಒತ್ತಿ, ಬೋರ್‌ವೆಲ್ ನೀರು ತುಂಬಿದ ಲೋಟದೊಳಗೆ ಅದನ್ನು ತಲೆಕೆಳಗಾಗಿ ನಿಲ್ಲಿಸಿ ಬೆರಳು ತೆಗೆದ. ಬಿಯರಿನಲ್ಲಿ ಗ್ಲಿಸರಿನ್ ಬೆರೆಸಿರುತ್ತಾರೆ, ಹೀಗೆ ಮಾಡಿದರೆ ಅದು ಇಳಿದುಹೋಗುತ್ತದೆ ಎಂದು ನಮ್ಮ ಕಡೆಯ ಕುಡುಕರೆಲ್ಲ ನಂಬಿದ್ದಾರೆ.

"ಹಂಗಾದ್ರೆ ಇದ್ರೊಳಗೆ ಗ್ಲಿಸರಿನ್ ಎಲ್ಲಿಂದ ಬಂತು ಭಾವ?" ಎಂದೆ.

"ಸುಮ್ನಿರಲೇ, ಇಳೀಲಿ."

ಇಳಿದದ್ದು ಬಿಯರು, ಬಾಟಲಿಯೊಳಗೆ ಏರಿದ್ದು ಶಿವನಿಯ ಸವಳು ನೀರು. ಅದನ್ನೇ ಒಂದು ಗುಟುಕು ಕುಡಿದು ಭಾವ ಕಣ್ಣು ಮುಚ್ಚಿದ.

"ಶುದ್ಧ ಅಂದ್ರೆ ಇದು ಕಣೋ!"