ಒಕ್ಕೊರಲಿನ ಪಾಠ

ಬೀದಿಯವರಿಗೆಲ್ಲ ಆಕೆ ಟೀಚರಮ್ಮ. ತರಕಾರಿಯವನಿಗೂ ಟೀಚರಮ್ಮ, ಬಸ್ಸಿನ ಕಂಡಕ್ಟರಿಗೂ ಟೀಚರಮ್ಮ. ಒಡಹುಟ್ಟಿದ ತಮ್ಮನೂ ಮೊದಮೊದಲು ರೇಗಿಸಲಿಕ್ಕೆಂದು ಹಾಗೆ ಕರೆದು, ಆಮೇಲೆ ಅದನ್ನೇ ರೂಢಿ ಮಾಡಿಕೊಂಡಿದ್ದ. ಇಷ್ಟೊಂದು ಜನರ ಬಾಯಲ್ಲಿ ಟೀಚರ್ ಅನ್ನಿಸಿಕೊಂಡವಳು ಶಾಲೆಯ ದಾಖಲೆಯಲ್ಲಿ ಮಾತ್ರ ಟೀಚರ್ ಆಗಿರಲಿಲ್ಲ. ಅಲ್ಲಿ ಆಕೆ ಬರೀ ತಾತ್ಕಾಲಿಕ. ಎರಡು ಜಡೆ ಹಾಕಿಕೊಳ್ಳುವ ವಯಸ್ಸಿನಲ್ಲಿ ತಾತ್ಕಾಲಿಕವಾಗಿ ಸೇರಿದವಳಿಗೆ ಈಗ ಅರ್ಧ ತಲೆ ಬೆಳ್ಳಗಾಗಿತ್ತು. ತಾತ್ಕಾಲಿಕ ಎಂಬ ಮಾತಿಗೆ ಇಷ್ಟು ಗಟ್ಟಿ ಆಯಸ್ಸು ಇದೆ ಎಂದು ಯಾರಿಗೆ ಗೊತ್ತಿತ್ತು!

ಸೇರಿದ್ದೂ ಒಂದು ತಮಾಷೆಯೇ. ಶಾಲೆಯ ಟೀಚರೊಬ್ಬರು ಹೆರಿಗೆಗೆಂದು ರಜೆ ಹಾಕಿದಾಗ ಆಗಿನ ಹೆಡ್ಮೇಷ್ಟ್ರು ಮನೆಯ ಬಾಗಿಲಿಗೇ ಬಂದು, "ನಿಮ್ಮ ಹುಡುಗಿ ಹತ್ತನೇ ಕ್ಲಾಸ್ ಪಾಸಾಗಿದ್ದಾಳಲ್ಲ, ಅವರು ಬರೋವರೆಗೂ ಮಕ್ಕಳನ್ನ ನೋಡ್ಕೊಳ್ಳಲಿ" ಎಂದಿದ್ದರು. ಅಪ್ಪ ತೀರಿಕೊಂಡು ಮನೆ ತತ್ತರಿಸುತ್ತಿದ್ದ ಕಾಲ. ಆಕೆ ಮರುದಿನವೇ ಹೋದಳು. ರಜೆ ಹಾಕಿದ ಟೀಚರು ಮರಳಿ ಬರಲೇ ಇಲ್ಲ. ನೋಡಿಕೊಳ್ಳಲಿ ಎಂದವರು ಹೇಗೆ ಕಲಿಸಬೇಕು ಎಂದು ಹೇಳಲಿಲ್ಲ, ಆಮೇಲೆ ಬಂದವರೂ ಹೇಳಲಿಲ್ಲ. ಕೇಳಲು ಆಕೆಗೂ ತೋಚಲಿಲ್ಲ. ತನಗೆ ಚಿಕ್ಕಂದಿನಲ್ಲಿ ಕಲಿಸಿದ್ದು ಹೇಗೋ ಹಾಗೆಯೇ ಕಲಿಸಿದಳು. ತಾನು ಒಂದು ಸಾಲು ಹೇಳುವುದು, ಇಡೀ ಕೋಣೆ ಅದನ್ನೇ ಒಕ್ಕೊರಲಿನಿಂದ ತಿರುಗಿ ಹೇಳುವುದು.

ಅದು ತಗಡಿನ ಮಾಡಿನ ಉದ್ದನೆಯ ಕೋಣೆ. ಎರಡು ತರಗತಿಗೆ ಆಗುವಷ್ಟು ಮಕ್ಕಳನ್ನು ಒಂದಕ್ಕೇ ತುಂಬಿದ್ದರು. ಒಂದು ಬೆಂಚಿನಲ್ಲಿ ಒಬ್ಬ ಸೀನಿದರೆ ಆ ಸಾಲಿನವರೆಲ್ಲ ಅಲುಗಾಡುವಷ್ಟು ಇಕ್ಕಟ್ಟು. ಅಂಥ ಕಡೆ ಒಬ್ಬೊಬ್ಬರನ್ನೇ ಕರೆದು ಓದಿಸುವುದೆಂದರೆ ಉಳಿದವರು ಕೋಣೆಯನ್ನು ತಲೆ ಮೇಲೆ ಹೊತ್ತುಕೊಳ್ಳುತ್ತಿದ್ದರು. ಒಕ್ಕೊರಲಿನ ಪಾಠದಲ್ಲಿ ಆ ರಗಳೆ ಇರಲಿಲ್ಲ. ಹೊರಗೆ ಹಾದುಹೋಗುವವರೂ ನಿಂತು ಕೇಳಿ, "ಟೀಚರಮ್ಮನ ಕ್ಲಾಸು ಅಂದ್ರೆ ಕ್ಲಾಸು" ಎಂದು ತಲೆದೂಗುತ್ತಿದ್ದರು.

ಸಂಜೆ ಮನೆಗೆ ಬಂದರೆ ಹೊಲಿಗೆ ಯಂತ್ರ ಕಾಯುತ್ತಿತ್ತು. ತಾತ್ಕಾಲಿಕರ ಸಂಬಳ ಕೈಗೆ ಬಂದರೆ ಬಾಯಿಗೆ ಸಾಲುತ್ತಿರಲಿಲ್ಲ. ಬೀದಿಯವರ ಲಂಗ, ಶರ್ಟು, ತಲೆದಿಂಬಿನ ಚೀಲ, ಏನು ಕೊಟ್ಟರೂ ಹೊಲಿದು ಆಕೆ ಮನೆಯ ಅರ್ಧ ಭಾರ ಎಳೆದಳು. ಮಕ್ಕಳ ಬಗ್ಗೆ ಕೂತು ಯೋಚಿಸುವುದಕ್ಕೆ, ಯಾವ ಮಗುವಿಗೆ ಏನು ಬರುತ್ತದೆ ಎಂದು ತಲೆ ಕೆಡಿಸಿಕೊಳ್ಳುವುದಕ್ಕೆ ಆ ಬದುಕಿನಲ್ಲಿ ಸಂದಿಯೇ ಇರಲಿಲ್ಲ. ಇದನ್ನು ಆಕೆಯ ಪರ ವಕಾಲತ್ತು ಎಂದು ಹೇಳುತ್ತಿಲ್ಲ. ಇದ್ದದ್ದೇ ಹಾಗೆ.

ತಮ್ಮನಿಗೆ ಒಬ್ಬಳೇ ಮಗಳು, ಚಿನ್ನು. ಅವಳೂ ಚಿಕ್ಕವಳಿದ್ದಾಗ ಅತ್ತೆಯ ತಗಡಿನ ಕೋಣೆಯಲ್ಲೇ ಕಲಿತವಳು. ಆಗ ಅವಳೇ ಆ ಕೋಣೆಯ ರಾಣಿ. ಯಾರೇ ನೋಡಲು ಬಂದರೂ ಟೀಚರಮ್ಮ ಅವಳನ್ನೇ ಎಬ್ಬಿಸಿ ನಿಲ್ಲಿಸಿ ಓದಿಸುತ್ತಿದ್ದಳು. ದೊಡ್ಡ ಶಾಲೆಗೆ ಹೋದ ಮೇಲೆ ಅದೇನಾಯಿತೋ, ಚಿನ್ನು ಒಂದರ ಮೇಲೊಂದು ಫೇಲಾಗಿ, ಕೊನೆಗೆ ಶಾಲೆಗೇ ಕೈಮುಗಿದು ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಮಾಡಲು ಸೇರಿದಳು. ಹೋದ ವರ್ಷ ಲಾಂಡ್ರಿಯ ಯಜಮಾನ, ಇಸ್ತ್ರಿ ಬಿಟ್ಟು ಕೌಂಟರಿನಲ್ಲಿ ಕೂತು ಗಿರಾಕಿಗಳಿಗೆ ಚೀಟಿ ಬರೆದುಕೊಡು, ಸಂಬಳ ಜಾಸ್ತಿ ಮಾಡುತ್ತೇನೆ ಎಂದರೂ ಅವಳು ಒಲ್ಲೆ ಎಂದುಬಿಟ್ಟಿದ್ದಳು. ಆವತ್ತು ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹಾರಾಡಿದವಳು ಟೀಚರಮ್ಮನೇ.

"ಸೋಮಾರಿ ಕಣೇ ನೀನು. ಕೂತು ಮಾಡೋ ಕೆಲಸ ಕೊಡ್ತೀನಿ ಅಂದ್ರೆ, ಬಿಸಿ ಹಬೆ ಮುಂದೆ ನಿಂತೇ ಇರ್ತೀನಿ ಅಂತೀಯಲ್ಲ! ಮೇಲೆ ಬರೋ ಆಸೇನೇ ಇಲ್ಲ ನಿಂಗೆ."

ಚಿನ್ನು ಕೈಯ ಮೇಲಿನ ಸುಟ್ಟ ಕಲೆಯನ್ನು ಉಜ್ಜಿಕೊಳ್ಳುತ್ತ ಒಳಗೆ ಹೋಗಿದ್ದಳು.

ಈ ವರ್ಷ ಮೇಲಿನವರಿಂದ ಒಂದು ಹೊಸ ನಿಯಮ ಬಂತು. ತರಬೇತಿ ಇಲ್ಲದೆ ಬಹಳ ಕಾಲದಿಂದ ಪಾಠ ಮಾಡುತ್ತಿರುವವರೆಲ್ಲ ಪರೀಕ್ಷಕರ ಎದುರು ಒಂದು ಪಾಠ ಮಾಡಿ ತೋರಿಸಬೇಕು. ಒಪ್ಪಿಗೆಯಾದರೆ ಕೆಲಸ ಕಾಯಂ, ಪೂರ್ತಿ ಸಂಬಳ. ಇಲ್ಲವಾದರೆ ಮನೆಗೆ. ಸಿಬ್ಬಂದಿ ಕೋಣೆಯಲ್ಲಿ ಅಂದೆಲ್ಲ ಇದೇ ಜಗಳ.

"ಕೊಡೋದು ಗೇಟ್ ಕಾಯೋನ ಸಂಬಳ, ಕೇಳೋದು ಮಹಾ ಪಂಡಿತರ ಯೋಗ್ಯತೆ" ಎಂದು ಲೆಕ್ಕದ ಮೇಷ್ಟ್ರು ಮೇಜು ಗುದ್ದಿದರು. "ಮೊದಲು ಹೊಟ್ಟೆ ತುಂಬಾ ಕೊಡ್ಲಿ, ಆಮೇಲೆ ಪರೀಕ್ಷೆ ಮಾಡ್ಲಿ."

"ಕಲಿಸೋಕೆ ಬರುತ್ತಾ ಅಂತ ಕೇಳೋದು ತಪ್ಪಾ ಸಾರ್?" ಎಂದಳು ಹೊಸ ಟೀಚರ್. ಬಿ.ಎಡ್. ಮುಗಿಸಿ, ಎರಡು ಬಸ್ಸು ಬದಲಿಸಿ ಬರುವ ಹುಡುಗಿ. ಅವಳದೂ ತಾತ್ಕಾಲಿಕ ಸಂಬಳವೇ. ಸೇವೆ ಸಾಲದು ಎಂದು ಅವಳನ್ನು ಕಾಯಂ ಪಟ್ಟಿಗೆ ಸೇರಿಸಿರಲಿಲ್ಲ. ಅವಳು ಟೀಚರಮ್ಮನ ಕಡೆ ತಿರುಗಿ ಮೆಲ್ಲಗೆ ಕೇಳಿದಳು. "ಅಕ್ಕ, ಬೇಜಾರು ಮಾಡ್ಕೋಬೇಡಿ. ಎಲ್ರೂ ಒಟ್ಟಿಗೆ ಹೇಳಿದ್ರೆ ಯಾರಿಗೆ ಓದೋಕೆ ಬರುತ್ತೆ, ಯಾರಿಗೆ ಬರಲ್ಲ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?"

"ನೀನು ತೊಟ್ಟಿಲಲ್ಲಿ ಇದ್ದಾಗಿಂದ ಓದಿಸ್ತಿದ್ದೀನಿ ಕಣಮ್ಮ" ಎಂದಳು ಟೀಚರಮ್ಮ. ಎಲ್ಲರೂ ನಕ್ಕರು. ಹುಡುಗಿ ಮುಖ ಕೆಂಪಗೆ ಮಾಡಿಕೊಂಡು ತನ್ನ ಪುಸ್ತಕ ಎತ್ತಿಕೊಂಡಳು.

ಪಾಠದ ದಿನ ಹೆಡ್ಮೇಷ್ಟ್ರಿಗೆ ಕೈಕಾಲು ಆಡಲಿಲ್ಲ. ಪರೀಕ್ಷಕರಿಗೆ ಸೆಕೆಯಾದೀತೆಂದು ಪಕ್ಕದ ಅಂಗಡಿಯಿಂದ ಒಂದು ಟೇಬಲ್ ಫ್ಯಾನ್ ಎರವಲು ತಂದು ಮುಂದಿನ ಕಿಟಕಿಯಲ್ಲಿ ಇಡಿಸಿದರು. ಆ ಕೋಣೆ ಹುಟ್ಟಿದಾಗಿನಿಂದ ಫ್ಯಾನಿನ ಗಾಳಿ ಕಂಡದ್ದು ಅದೇ ಮೊದಲು. ಪರೀಕ್ಷಕರು ಇಬ್ಬರು, ಒಬ್ಬರು ದಪ್ಪ ಮೀಸೆಯವರು, ಇನ್ನೊಬ್ಬರು ಕನ್ನಡಕದ ಹೆಂಗಸು. ಇಬ್ಬರೂ ಹಿಂದಿನ ಬೆಂಚಿನಲ್ಲಿ ಮಕ್ಕಳ ಬೆನ್ನು ನೋಡುತ್ತ ಕೂತರು. ಇದೊಂದು ದಾಟಿದರೆ ಸಾಕು, ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ ಮೂಲೆಗೆ ತಳ್ಳಬಹುದು ಎಂದು ಟೀಚರಮ್ಮನ ಮನಸ್ಸು ಲೆಕ್ಕ ಹಾಕುತ್ತಿತ್ತು.

ಪಾಠ ಕೆರೆಯ ಬಾತುಕೋಳಿಯದು. ಆಕೆ ಹೇಳಿದಳು, ಮಕ್ಕಳು ಹೇಳಿದರು. ತಗಡಿನ ಮಾಡು ಗುಂಯ್‌ಗುಟ್ಟಿತು. ಮೀಸೆಯವರು ಕಾಲಿನಲ್ಲಿ ತಾಳ ಹಾಕಿದರು. ಆಮೇಲೆ ಕನ್ನಡಕದ ಹೆಂಗಸು, "ಈಗ ಒಬ್ಬರೇ ಯಾರಾದ್ರೂ ಓದಲಿ" ಎಂದರು. ಟೀಚರಮ್ಮ ಯೋಚಿಸಲೂ ಇಲ್ಲ. ಮುಂದಿನ ಬೆಂಚಿನ, ಮುಂದಿನ ಹಲ್ಲು ಬಿದ್ದ ಹುಡುಗಿಯನ್ನು ಎಬ್ಬಿಸಿದಳು. ತರಗತಿಗೆಲ್ಲ ಅವಳದೇ ಗಟ್ಟಿ ದನಿ.

ಹುಡುಗಿ ಪುಸ್ತಕ ಬಿಚ್ಚಿ ಎರಡೂ ಅಂಗೈ ಮೇಲೆ ಹಿಡಿದು ಶುರು ಮಾಡಿದಳು. ಅಷ್ಟರಲ್ಲಿ ಫ್ಯಾನು ಈ ಕಡೆ ತಿರುಗಿತು. ಹಾಳೆಗಳು ಪಟಪಟನೆ ಮಗುಚಿದವು. ಹುಡುಗಿ ತಟಕ್ಕನೆ ಹೆಬ್ಬೆರಳು ಒತ್ತಿ ಹಿಡಿದು, ಒಂದು ಉಸಿರೂ ನಿಲ್ಲಿಸದೆ ಮುಂದುವರಿಸಿದಳು. ಬಾತುಕೋಳಿ ನೀರಿಗಿಳಿಯಿತು, ಮರಿಗಳು ಹಿಂದೆ ಬಂದವು. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಳು, ಎಲ್ಲಿ ದನಿ ಏರಿಸಬೇಕೋ ಅಲ್ಲಿ ಏರಿಸಿದಳು. ತೋರುಬೆರಳು ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು. ಆ ಬೆರಳು ಇಳಿಯುತ್ತಿದ್ದ ಪುಟದಲ್ಲಿ ದೊಡ್ಡದೊಂದು ಗೋಡೆ ಗಡಿಯಾರದ ಚಿತ್ರವಿತ್ತು. ಅದು ಗಡಿಯಾರದ ಪಾಠ.

ಹಿಂದೆ ಕೂತವರಿಗೆ ಪುಟ ಕಾಣುವಂತಿರಲಿಲ್ಲ. ಎದುರು ನಿಂತ ಟೀಚರಮ್ಮನೊಬ್ಬಳಿಗೇ ಕಾಣುತ್ತಿತ್ತು. ಹುಡುಗಿಯ ಮುಖದಲ್ಲಿ ಕಳ್ಳತನದ ನೆರಳೂ ಇರಲಿಲ್ಲ. ಓದುವುದೆಂದರೆ ಇದೇ ಎಂದು ಅವಳು ಮನಸಾರೆ ನಂಬಿದ್ದಳು. ಹಾಗೆ ನಂಬಿಸಿದವರು ಯಾರು? ಆಕೆ ಬಿರಬಿರನೆ ಹೋಗಿ ಹುಡುಗಿಯ ಹೆಗಲ ಮೇಲೆ ಒಂದು ಕೈ ಇಟ್ಟು, ಇನ್ನೊಂದು ಕೈಯಿಂದ ಪುಸ್ತಕ ಮುಚ್ಚಿದಳು.

"ಸಾಕು ಮರಿ. ಚೆನ್ನಾಗಿ ಓದಿದೆ. ಕೂತ್ಕೋ."

"ಎಂಥ ಸ್ಪಷ್ಟ ಉಚ್ಚಾರ!" ಎಂದರು ಕನ್ನಡಕದ ಹೆಂಗಸು. ಮೀಸೆಯವರು ಚಪ್ಪಾಳೆ ತಟ್ಟಿದರು. ಮಕ್ಕಳೂ ತಟ್ಟಿದರು. ಹೊರಡುವಾಗ ಪರೀಕ್ಷಕರು ಹೆಡ್ಮೇಷ್ಟ್ರ ಎದುರೇ ಹೇಳಿದರು, ಈಕೆಯ ವಿಷಯದಲ್ಲಿ ಎರಡು ಮಾತಿಲ್ಲ, ಕಾಯಂ ಆಯಿತು ಎಂದೇ ತಿಳಿದುಕೊಳ್ಳಿ.

ಇಷ್ಟು ವರ್ಷ ಕಾದ ಮಾತು ಕಿವಿಗೆ ಬಿದ್ದಾಗ ಆಕೆಗೆ ಸಂತೋಷವಾಗಲಿಲ್ಲ. ಮನೆಗೆ ನಡೆಯುವ ದಾರಿಯಲ್ಲಿ ಆಕೆಯ ಕಣ್ಣ ಮುಂದೆ ಹಲ್ಲು ಬಿದ್ದ ಹುಡುಗಿ ಇರಲಿಲ್ಲ. ಎಬ್ಬಿಸಿ ನಿಲ್ಲಿಸಿದಾಗಲೆಲ್ಲ ಪುಸ್ತಕವನ್ನು ಅಂಗೈ ಮೇಲೆ ಹಿಡಿದು ಗಂಟೆ ಬಾರಿಸಿದ ಹಾಗೆ ಓದುತ್ತಿದ್ದ ಇನ್ನೊಬ್ಬ ಹುಡುಗಿ ಇದ್ದಳು.

ಸುದ್ದಿ ಆಗಲೇ ಮನೆ ಮುಟ್ಟಿತ್ತು. ತಮ್ಮ ಸಿಹಿ ತಂದು ಬೀದಿಗೆಲ್ಲ ಹಂಚಲು ಹೊರಟಿದ್ದ. "ಇನ್ಮೇಲೆ ನಮ್ಮ ಟೀಚರಮ್ಮ ಅಸಲಿ ಟೀಚರಮ್ಮ!" ಎಂದು ಬಾಗಿಲಲ್ಲೇ ಕೂಗಿ, ಡಬ್ಬಿ ಎತ್ತಿಕೊಂಡು ಹೋದ. ಡಬ್ಬಿಗೆ ಸುತ್ತಿದ್ದ ಸುದ್ದಿಪತ್ರಿಕೆ ಮೇಜಿನ ಮೇಲೆ ಉಳಿಯಿತು. ಚಿನ್ನು ಆಗಷ್ಟೇ ಕೆಲಸದಿಂದ ಬಂದು ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಟೀಚರಮ್ಮ ಪತ್ರಿಕೆಯ ಹಾಳೆಯನ್ನು ನೇರ ಮಾಡಿ ಅವಳ ಮುಂದಿಟ್ಟಳು.

"ಇದನ್ನ ಓದು ಚಿನ್ನು."

"ಏನತ್ತೆ, ನಂಗೂ ಪರೀಕ್ಷೆನಾ?" ಎಂದು ನಕ್ಕಳು ಚಿನ್ನು.

"ಒಂದು ಸಾಲು ಓದು. ಸಾಕು."

ಚಿನ್ನುವಿನ ನಗು ನಿಂತಿತು. ಹಾಳೆಯನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಮೊದಲ ಅಕ್ಷರದ ಮೇಲೆ ಬೆರಳಿಟ್ಟಳು. ಅಲ್ಲೇ ಇಟ್ಟುಕೊಂಡು ಕೂತಳು. ಆಮೇಲೆ ಬೆರಳು ತೆಗೆದು ಎಣ್ಣೆ ಬಾಟಲಿಯ ಮುಚ್ಚಳ ಬಿಗಿ ಮಾಡಿದಳು.

"ಬರಲ್ಲ ಅತ್ತೆ."

"ಯಾವಾಗಿಂದ?"

"ಯಾವಾಗಿಂದ ಅಂದ್ರೆ? ಯಾವಾಗ್ಲೂ ಬರ್ತಿರ್ಲಿಲ್ಲ. ಅಲ್ಲೊಂದು ಇಲ್ಲೊಂದು ಅಕ್ಷರ ಗುರುತು ಸಿಗುತ್ತೆ, ಅಷ್ಟೇ."

"ನಂಗ್ಯಾಕೆ ಹೇಳ್ಲಿಲ್ಲ?"

"ಎಷ್ಟು ಸಲ ಹೇಳ್ಬೇಕು ಅಂದ್ಕೊಂಡೆ ಗೊತ್ತಾ? ನೀನು ಎಲ್ರ ಎದುರು ನನ್ನನ್ನ ನಿಲ್ಲಿಸ್ಕೊಂಡು ಅಷ್ಟು ಖುಷಿ ಪಡ್ತಿದ್ದೆ. ನಿನ್ನ ಮುಖ ನೋಡಿ ಹೇಳೋಕಾಗ್ಲಿಲ್ಲ. ದೊಡ್ಡ ಶಾಲೆಗೆ ಹೋದ್ಮೇಲೆ ನಾಚಿಕೆ ಆಯ್ತು. ಟೀಚರಮ್ಮನ ಮನೆ ಹುಡುಗಿಗೆ ಓದೋಕೆ ಬರಲ್ಲ ಅಂದ್ರೆ ಜನ ನಿನ್ನ ತಾನೇ ಆಡ್ಕೊಳ್ಳೋದು?"

ಟೀಚರಮ್ಮನಿಗೆ ಸೋಮಾರಿ ಎಂದು ತಾನೇ ಕೂಗಾಡಿದ್ದು ನೆನಪಾಯಿತು. ಕೌಂಟರಿನ ಚೀಟಿ ನೆನಪಾಯಿತು. ಆಕೆ ಚಿನ್ನುವಿನ ಸುಟ್ಟ ಕೈಯನ್ನು ಹಿಡಿದುಕೊಂಡು, ಎಣ್ಣೆ ಸೀರೆಗೆ ಮೆತ್ತಿಕೊಳ್ಳುತ್ತಿದ್ದರೂ ಬಿಡದೆ, ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು.

"ನಾನು ಕಲಿಸ್ತೀನಿ. ಈಗ್ಲಿಂದ ಶುರು ಮಾಡೋಣ" ಎಂದಳು ಕೊನೆಗೆ.

"ಹೇಗೆ ಕಲಿಸ್ತೀಯ ಅತ್ತೆ?"

ಚುಚ್ಚಬೇಕೆಂದು ಕೇಳಿದ್ದಲ್ಲ, ಸುಮ್ಮನೆ ಕೇಳಿದ್ದು. ತಾನು ಹೇಳಿ ಅವಳಿಂದ ಹೇಳಿಸುವುದು ಬಿಟ್ಟರೆ ಬೇರೆ ದಾರಿಯೇ ತನಗೆ ಗೊತ್ತಿಲ್ಲ ಎಂಬುದು ಆಗ ಟೀಚರಮ್ಮನಿಗೆ ಹೊಳೆಯಿತು. ಅಷ್ಟು ವರ್ಷ ಟೀಚರಮ್ಮ ಅನ್ನಿಸಿಕೊಂಡವಳಿಗೆ ಒಂದು ಜೀವಕ್ಕೆ ಓದು ಕಲಿಸುವುದು ಹೇಗೆಂದು ತಿಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಹೊತ್ತಿಗೆ ಮುಂಚೆಯೇ ಶಾಲೆಗೆ ಹೋದಳು. ಹೊಸ ಟೀಚರ್ ಸಿಬ್ಬಂದಿ ಕೋಣೆಯಲ್ಲಿ ತನ್ನ ಡ್ರಾಯರು ಖಾಲಿ ಮಾಡುತ್ತಿದ್ದಳು. ಬಣ್ಣದ ರಟ್ಟಿನ ಮೇಲೆ ತಾನೇ ಬರೆದ ಅಕ್ಷರಗಳ ಕಟ್ಟು ಮೇಜಿನ ಮೇಲಿತ್ತು.

"ಮಗಳೇ, ಆವತ್ತು ನೀನು ಕೇಳಿದ್ದಕ್ಕೆ ನಾನು ಉಡಾಫೆ ಮಾಡಿದೆ. ಓದೋದು ಹೇಗೆ ಕಲಿಸ್ಬೇಕು ಅಂತ ನಂಗೆ ಹೇಳಿಕೊಡು" ಎಂದಳು ಟೀಚರಮ್ಮ.

ಹುಡುಗಿಯ ಕಣ್ಣು ತುಂಬಿತು. "ನಾನು ಹೋಗ್ತಿದ್ದೀನಿ ಅಕ್ಕ. ಚಪ್ಪಲಿ ಅಂಗಡೀಲಿ ಬಿಲ್ ಹಾಕೋ ಕೆಲಸ ಸಿಕ್ಕಿದೆ. ಇಲ್ಲಿಗಿಂತ ಎರಡರಷ್ಟು ಕೊಡ್ತಾರೆ. ಇಲ್ಲೇ ಇರ್ಬೇಕು ಅಂತ ತುಂಬಾ ಆಸೆ ಇತ್ತು. ಬಸ್ ಚಾರ್ಜಿಗೇ ಮನೇಲಿ ಕೇಳ್ಬೇಕಾಗುತ್ತೆ, ಎಷ್ಟು ದಿನ ಅಂತ ಕೇಳ್ಲಿ?" ಎಂದಳು. ರಟ್ಟಿನ ಕಟ್ಟನ್ನು ಟೀಚರಮ್ಮನ ಕೈಗಿಟ್ಟಳು. ಅಕ್ಷರದ ಜಾಗ ಬದಲಿಸಿ ಓದಿಸಬೇಕು, ಒಂದೊಂದು ಮಗುವಿನ ಪಕ್ಕ ದಿನವೂ ಸ್ವಲ್ಪ ಹೊತ್ತು ಕೂರಬೇಕು ಎಂದು ಅವಸರದಲ್ಲಿ ನಾಲ್ಕು ಮಾತು ಹೇಳಿದಳು. ಬಸ್ಸಿಗೆ ಹೊತ್ತಾಗಿತ್ತು, ಹೊರಟಳು.

ಟೀಚರಮ್ಮ ತಗಡಿನ ಕೋಣೆಗೆ ಹೋದಳು. ಹಲ್ಲು ಬಿದ್ದ ಹುಡುಗಿಯ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತು, ರಟ್ಟಿನ ಅಕ್ಷರಗಳನ್ನು ಜೋಡಿಸಿ, "ಇದೇನು ಹೇಳು ಮರಿ" ಎಂದಳು. ಹುಡುಗಿ ಅಕ್ಷರವನ್ನು ನೋಡಲಿಲ್ಲ. ಟೀಚರಮ್ಮ ಮೊದಲು ಹೇಳಲಿ ಎಂದು ಆಕೆಯ ತುಟಿಯನ್ನೇ ನೋಡುತ್ತ ಕೂತಳು. ಉಳಿದ ಮಕ್ಕಳು ಮೊದಲು ಪಿಸುಗುಟ್ಟಿದರು, ಆಮೇಲೆ ನಕ್ಕರು, ಆಮೇಲೆ ಬೆಂಚು ಹತ್ತಿದರು. ಗಲಾಟೆಗೆ ಹೆಡ್ಮೇಷ್ಟ್ರು ಓಡಿ ಬಂದು ಬಾಗಿಲಲ್ಲಿ ನಿಂತರು.

"ಏನ್ ಟೀಚರಮ್ಮ, ಕಾಯಂ ಆದ ತಕ್ಷಣ ಪಾಠ ಮಾಡೋದೇ ಬಿಟ್ಬಿಟ್ರಾ?"

ಟೀಚರಮ್ಮ ಎದ್ದಳು. ರಟ್ಟುಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಬೋರ್ಡಿನ ಮುಂದೆ ನಿಂತು ಬಾತುಕೋಳಿಯ ಮೊದಲ ಸಾಲು ಹೇಳಿದಳು. ಇಡೀ ಕೋಣೆ ತಿರುಗಿ ಹೇಳಿತು. ಎಲ್ಲರಿಗಿಂತ ಗಟ್ಟಿಯಾಗಿ ಹಲ್ಲು ಬಿದ್ದ ಹುಡುಗಿಯೇ ಹೇಳಿದಳು.